ಮಕ್ಕಳಿಗೆ ಹೇಳುವ ಸುಳ್ಳಿಗೂ ಲೆಕ್ಕವಿದೆ

ತಲಾಕ್‌ನ ಕುರಿತು ಈ ದೇಶ ದಣಿವಿಲ್ಲದೆ ಚರ್ಚಿಸಿದೆ. 1985ರ ಶಾಬಾನು ತೀರ್ಪು, 1986ರ ಕಾಯಿದೆ, ಒಂದೇ ಉಸಿರಿನ ಮೂರು ತಲಾಕನ್ನು ಅಸಿಂಧುಗೊಳಿಸಿದ 2017ರ ಸುಪ್ರೀಮ್ ಕೋರ್ಟ್ ತೀರ್ಪು, ಅದನ್ನು ಮೂರು ವರ್ಷಗಳವರೆಗಿನ ಸೆರೆವಾಸದ ಅಪರಾಧವಾಗಿಸಿದ 2019ರ ಕಾಯಿದೆ - ಪ್ರತಿಯೊಂದು ಸಂದರ್ಭದಲ್ಲೂ ರಾಜಕಾರಣಿಗಳು ಮಾತನಾಡಿದರು, ಮಾಧ್ಯಮಗಳು ಮಾತನಾಡಿದವು. ನಾವೂ ಶರೀಅತ್ ರಕ್ಷಣೆಯ ಸಭೆಗಳನ್ನು ನಡೆಸಿದೆವು. ಆದರೆ ತಲಾಕ್ ಆದ ಮನೆಯ ಏಳು ವರ್ಷದ ಮಗುವಿನೊಡನೆ ಮಾತನಾಡಿದವರು ಯಾರು?

ಹೆಚ್ಚಿನ ಮನೆಗಳಲ್ಲಿ ಅದಕ್ಕೆ ಸಿಗುವುದು ಒಂದು ಸುಳ್ಳು. 'ಅಪ್ಪ ಗಲ್ಫ್‌ಗೆ ಹೋಗಿದ್ದಾರೆ, ಪೆರ್ನಾಲ್‌ಗೆ ಬರುತ್ತಾರೆ.' ನಮ್ಮ ಕರಾವಳಿಯಲ್ಲಿ ಇದಕ್ಕಿಂತ ನಂಬಲರ್ಹವಾದ ಸುಳ್ಳು ಇನ್ನೊಂದಿಲ್ಲ. ಎರಡು ಪೆರ್ನಾಲ್ ಕಳೆಯುವಷ್ಟರಲ್ಲಿ ಮದ್ರಸದ ಗೆಳೆಯನಿಂದಲೋ ಮದುವೆ ಮನೆಯ ಪಿಸುಮಾತಿನಿಂದಲೋ ಮಗುವಿಗೆ ನಿಜ ತಿಳಿಯುತ್ತದೆ. ಅಂದು ಅದು ತಂದೆಯನ್ನು ಮಾತ್ರವಲ್ಲ, ತಾಯಿಯ ಮೇಲಿನ ವಿಶ್ವಾಸವನ್ನೂ ಕಳೆದುಕೊಳ್ಳುತ್ತದೆ. 'ನಾನು ಹಠ ಮಾಡಿದ್ದಕ್ಕೇ ಅಪ್ಪ ಹೋದರೇ?' ಎಂದು ತನ್ನಲ್ಲೇ ತಪ್ಪು ಹುಡುಕತೊಡಗುತ್ತದೆ.

ಓರ್ವ ತಾಯಿ ಏನನ್ನೋ ಕೊಡುವುದಾಗಿ ಹೇಳಿ ಮಗುವನ್ನು ಕರೆದಾಗ, ಏನು ಕೊಡಲಿದ್ದೀರೆಂದು ಪ್ರವಾದಿ(ಸ)ರು ವಿಚಾರಿಸಿದ ಪ್ರಸಂಗ ಅಬೂದಾವೂದ್ ಗ್ರಂಥದಲ್ಲಿದೆ. ಆಕೆ ಖರ್ಜೂರವೆಂದಾಗ, ಏನನ್ನೂ ಕೊಡದಿರುತ್ತಿದ್ದರೆ ಅದು ಸುಳ್ಳೆಂದು ದಾಖಲಾಗುತ್ತಿತ್ತೆಂದು ಅವರು ಎಚ್ಚರಿಸಿದರು. ಒಂದು ಖರ್ಜೂರದ ಸುಳ್ಳಿಗೆ ಲೆಕ್ಕವಿರುವಾಗ, ತಂದೆಯನ್ನೇ ಕುರಿತ ಸುಳ್ಳಿಗೆ ಲೆಕ್ಕವಿಲ್ಲವೇ?

ಇದಕ್ಕಿಂತ ಘೋರವಾದುದು ಸತ್ಯದ ಹೆಸರಿನಲ್ಲಿ ಉಣಿಸುವ ವಿಷ. 'ನಿನ್ನ ತಾಯಿ ಸರಿಯಿಲ್ಲ', 'ನಿನ್ನ ತಂದೆ ನಮ್ಮನ್ನು ಬೀದಿಪಾಲು ಮಾಡಿದ' ಎಂದು ಹೇಳಿ, ಮಗುವನ್ನೇ ಸಾಕ್ಷಿಯನ್ನಾಗಿ, ಗೂಢಚಾರನನ್ನಾಗಿ ಮಾಡಲಾಗುತ್ತದೆ. ಮಗುವಿನ ನೆಪದಲ್ಲಿ ತಾಯಿಯನ್ನಾಗಲಿ ತಂದೆಯನ್ನಾಗಲಿ ಪೀಡಿಸಬಾರದೆಂದು ಪವಿತ್ರ ಕುರ್‌ಆನ್‌ನ ಅಲ್‌ಬಕರಃ ಅಧ್ಯಾಯ (2:233) ಆದೇಶಿಸುತ್ತದೆ. ಬೇರ್ಪಟ್ಟವರೂ ಪರಸ್ಪರ ಔದಾರ್ಯವನ್ನು ಮರೆಯಬಾರದೆಂದು ಅದೇ ಅಧ್ಯಾಯ (2:237) ನೆನಪಿಸುತ್ತದೆ. ಶರೀಅತ್‌ನ ರಕ್ಷಣೆಗೆ ಬೀದಿಗಿಳಿದವರು ಈ ಸೂಕ್ತಗಳನ್ನು ಮನೆಯೊಳಗೆ ರಕ್ಷಿಸಿದ್ದಾರೆಯೇ?

'ಮಗು ಚಿಕ್ಕದು, ಅದಕ್ಕೇನು ತಿಳಿಯುತ್ತದೆ?' ಎನ್ನುವವರಿದ್ದಾರೆ. ಮುಚ್ಚಿದ ಬಾಗಿಲು, ನಿಂತುಹೋದ ಮಾತು, ಬದಲಾದ ಹಾಸಿಗೆ - ಇವನ್ನು ಮೊದಲು ಗಮನಿಸುವುದೇ ಮಗು. ಅದಕ್ಕೆ ಬೇಕಾಗಿರುವುದು ಕಲಹದ ವಿವರಗಳಲ್ಲ. ತಂದೆತಾಯಿ ಸಾಧ್ಯವಾದರೆ ಜೊತೆಯಾಗಿ ಕುಳಿತು, ನಾಲ್ಕು ಮಾತು ಹೇಳಲಿ: ಇದು ದೊಡ್ಡವರ ನಿರ್ಧಾರ, ಇದರಲ್ಲಿ ನಿನ್ನ ತಪ್ಪಿಲ್ಲ, ನೀನು ಇಂಥಲ್ಲಿ ಇರುತ್ತೀ, ಇಂಥ ಶಾಲೆಗೆ ಹೋಗುತ್ತೀ, ಇಂಥ ದಿನ ಅಪ್ಪನನ್ನು ಕಾಣುತ್ತೀ, ನಾವಿಬ್ಬರೂ ನಿನ್ನವರೇ. ಅದೇ ಪ್ರಶ್ನೆಯನ್ನು ಮಗು ನೂರು ಬಾರಿ ಕೇಳಿದರೆ ನೂರು ಬಾರಿಯೂ ಅದೇ ಉತ್ತರ ಸಿಗಲಿ. ಮರಳಿ ಒಂದಾಗುವ ಆಸೆಯನ್ನು ಮಾತ್ರ ತೋರಿಸದಿರಲಿ.

ಮಾತಿನ ಹಿಂದೆ ಕೃತಿಯೂ ಇರಬೇಕು. 'ನಿನ್ನವನೇ' ಎಂದು ಹೇಳಿ ಶಾಲಾ ಶುಲ್ಕ ಕೊಡದ ತಂದೆಯೂ ಸುಳ್ಳುಗಾರನೇ. 1986ರ ಕಾಯಿದೆಯ ಎರಡು ವರ್ಷಗಳ ಮಿತಿಯ ನೆಪ ಸಲ್ಲದು, ಪ್ರಾಪ್ತ ವಯಸ್ಕರಾಗುವವರೆಗೆ ಮಕ್ಕಳಿಗೆ ಜೀವನಾಂಶದ ಹಕ್ಕಿದೆ ಎಂದು ಸುಪ್ರೀಮ್ ಕೋರ್ಟ್ 1997ರಲ್ಲೇ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಜಮಾಅತ್ ಕಮಿಟಿಗಳು ತಲಾಕ್‌ನ ಪಂಚಾತಿಕೆಯಲ್ಲಿ ಮಹರ್, ಚಿನ್ನ, ಪಾತ್ರೆಪಗಡಗಳ ಲೆಕ್ಕ ಬರೆಯುತ್ತವೆ. ಅದೇ ಕಾಗದದಲ್ಲಿ ಇನ್ನೊಂದು ಸಾಲೂ ಇರಲಿ: ಮಗುವಿಗೆ ಯಾರು, ಯಾವಾಗ, ಏನು ಹೇಳುತ್ತಾರೆ? ಈ ಪ್ರಶ್ನೆಗೆ ಉತ್ತರ ಸಿಗದೆ ಯಾವ ಕಮಿಟಿಯೂ ತನ್ನ ಮೊಹರು ಒತ್ತದಿರಲಿ.