ತಾತಿಯ ಮೀನಿನ ಕಾರಂಜಿ
ಫ್ರೆಂಚ್ ನಟ, ನಿರ್ದೇಶಕ ಜಾಕ್ ತಾತಿಯವರ ‘ಮೊನ್ ಓಂಕ್ಲ್’ (1958) ಚಿತ್ರದ ಸಿರಿವಂತರ ಅಂಗಳದಲ್ಲೊಂದು ಲೋಹದ ಮೀನಿದೆ. ಗೇಟಿನ ಗಂಟೆ ಸದ್ದಾದೊಡನೆ ಮನೆಯೊಡತಿ ಗುಂಡಿ ಒತ್ತುತ್ತಾಳೆ, ಮೀನಿನ ಬಾಯಿಂದ ನೀರು ಚಿಮ್ಮುತ್ತದೆ. ಬಂದವನು ಒಡಹುಟ್ಟಿದ ಹ್ಯೂಲೋ ಅಷ್ಟೇ ಎಂದು ಗೊತ್ತಾದರೆ ನೀರು ಬಂದ್! ಒಂದು ವರ್ಗದ ಬಿಂಕವೆಲ್ಲ ಮಾತಿಲ್ಲದೆ ಬಯಲಾಗುವ ಇಂಥ ಹಾಸ್ಯ ಅಪರೂಪ. ಆದರೆ ಅದೇ ಚಿತ್ರದ ಪ್ಲಾಸ್ಟಿಕ್ ಕಾರ್ಖಾನೆಯ ದೃಶ್ಯ ಸಾಕೆನಿಸುವಷ್ಟು ಎಳೆಯುತ್ತದೆ. ಹ್ಯೂಲೋ ಇರುವ ಹಳೇ ಬೀದಿಯ ಬಡವರು ಸದಾ ಹಸನ್ಮುಖಿಗಳು, ಅವರ ಕಷ್ಟ ಕ್ಯಾಮೆರಾಗೆ ಬೀಳುವುದೇ ಇಲ್ಲ. ತಾತಿಯವರದೇ ಮುಂದಿನ ಚಿತ್ರ, 70 ಎಂ.ಎಂ.ನ ‘ಪ್ಲೇಟೈಮ್’ಗೆ (1967) ಪ್ಯಾರಿಸ್ಸಿನ ಅಂಚಿನಲ್ಲಿ ಊರಿನಂಥ ಸೆಟ್ ಎದ್ದಿತು, ಕಥೆ ಮಾತ್ರ ಹೆಸರಿಗಷ್ಟೇ. ಚಿತ್ರ ಸೋತು ತಾತಿ ದಿವಾಳಿಯಾದರು. ಆದರೂ ರೆಸ್ಟೊರೆಂಟಿನ ಗಾಜಿನ ಬಾಗಿಲು ಪುಡಿಯಾದ ಮೇಲೆ ಬಾಗಿಲ ಕಾವಲುಗಾರ ಬರೀ ಹಿಡಿಯನ್ನೇ ಕೈಯಲ್ಲಿಟ್ಟುಕೊಂಡು ಗಿರಾಕಿಗಳಿಗೆ ‘ಬಾಗಿಲು ತೆರೆಯುವ’ ದೃಶ್ಯಕ್ಕಾದರೂ ಅದನ್ನು ನೋಡಲೇಬೇಕು, ಅದೂ ದೊಡ್ಡ ಪರದೆಯ ಮೇಲೆ.