ಹದ್ದು ಬಂತು ಅಂತ ಹಿಗ್ಗಬೇಡಿ

ಕೆಂಗೇರಿ ಆಚೆಯ ಹಳ್ಳಿಗಳಲ್ಲೂ ಈಗ ಹದ್ದುಗಳ ಹಿಂಡು ಕಾಣ್ತಿದೆ. ‘ಪ್ರಕೃತಿ ವಾಪಸ್ ಬರ್ತಿದೆ ಸಾರ್’ ಅಂತ ಫೋಟೋ ಹಾಕಿ ಹಿಗ್ಗೋರಿಗೆ ನನ್ನದೊಂದು ತಕರಾರು. ನಾವು ಸಾಫ್ಟ್‌ವೇರ್‌ನೋರು ಯಾವುದೋ ನಂಬರ್ ಏರಿದ ತಕ್ಷಣ ಸಿಹಿ ಹಂಚಲ್ಲ, ಯಾಕೆ ಏರ್ತು ಅಂತ ಲಾಗ್ ನೋಡ್ತೀವಿ.

ಇಲ್ಲೂ ನೋಡಿ. ಹದ್ದು ಇಲಿ, ಓತಿಕ್ಯಾತ ಹಿಡಿಯುತ್ತೆ, ನಿಜ. ಆದರೆ ಕೋಳಿ ಅಂಗಡಿಯ ಕರುಳು ಪುಕ್ಕಟೆ ಸಿಗುವಾಗ ಬೇಟೆ ಯಾಕೆ ಆಡ್ಬೇಕು? ರಾತ್ರೋರಾತ್ರಿ ರಸ್ತೆ ಬದಿಗೆ, ಕೆರೆ ಏರಿಗೆ ಮೂಟೆ ಎಸೆದು ಬರ್ತೀವಲ್ಲ, ಆ ಮೂಟೆಯ ಬೆನ್ನು ಹತ್ತಿ ಅದೂ ಹಳ್ಳಿಗೆ ಬಂದಿದೆ.

ಅಜ್ಜನ ಕಾಲದಲ್ಲಿ ಹಳ್ಳಿಯಲ್ಲಿ ಸತ್ತ ದನ ಮುಗಿಸ್ತಿದ್ದದ್ದು ರಣಹದ್ದು. ಅದೆಲ್ಲಿ? ದನಕ್ಕೆ ಕೊಟ್ಟ ನೋವಿನ ಮದ್ದು ಡೈಕ್ಲೋಫೆನಾಕ್, ಹೆಣದ ಮೂಲಕ ಅದರ ಹೊಟ್ಟೆ ಸೇರಿ ಮೂತ್ರಪಿಂಡ ಕೆಡಿಸಿ ಕೊಂದಿತು. 2006ರಲ್ಲಿ ದನಗಳಿಗೆ ಅದನ್ನು ಕೊಡೋದು ನಿಷೇಧವಾಯ್ತು. 2012ರಲ್ಲಿ ರಾಮನಗರದ ರಾಮದೇವರ ಬೆಟ್ಟ ರಣಹದ್ದು ಧಾಮ ಆಯ್ತು. ಧಾಮವೇನೋ ಇದೆ, ಹಕ್ಕಿ ಬೆರಳೆಣಿಕೆಯಷ್ಟು.

ಒಂದು ಹೋಯ್ತು, ಇನ್ನೊಂದು ಹೆಚ್ಚಾಯ್ತು. ಎರಡಕ್ಕೂ ಕಾರಣ ನಾವೇ. ಮುಂದಿನ ಸಲ ಫೋಟೋ ತೆಗೆಯುವಾಗ ಕ್ಯಾಮೆರಾ ಸ್ವಲ್ಪ ಕೆಳಗೂ ತಿರುಗಿಸಿ. ಆ ಮೂಟೆಯ ಫೋಟೋವನ್ನೂ ಹಾಕಿ, ಪಂಚಾಯ್ತಿಗೂ ಕಳಿಸಿ.