ಶಾಲೆಯಲ್ಲಿ ಕಡ್ಡಾಯವಾವುದು?

ಮುಂಗಾರಿನೊಡನೆ ಶಾಲೆಗಳ ಬಾಗಿಲು ತೆರೆಯುವ ಕಾಲದಲ್ಲಿ ನಾಲ್ವರು ತಾಯಿತಂದೆಗಳು ಕೂಡಿದೆಡೆಯಲ್ಲೆಲ್ಲ ಮೂರು ಮಾತುಗಳು ತಪ್ಪದೆ ಕೇಳಿಬರುತ್ತವೆ. ಶಾಲೆಯವರು ಕೊಂಡುತರಬೇಕೆಂದು ವಿಧಿಸಿದ ಯಂತ್ರದ ಬೆಲೆ ಒಂದು. ಮಕ್ಕಳಿಗೆ ಆಟವೇ ಇಲ್ಲವಾಯಿತೆಂಬ ಕೊರಗು ಎರಡನೆಯದು. ಜೊತೆಯ ಹುಡುಗರು ಮಗುವನ್ನು ಗೇಲಿಮಾಡಿ ಪೀಡಿಸುತ್ತಾರೆಂಬ ದುಃಖ ಮೂರನೆಯದು. ಇವು ಮೂರೂ ಬೇರೆಬೇರೆ ಕಷ್ಟಗಳೆಂದು ಜನರು ಎಣಿಸಿದ್ದಾರೆ. ಒಂದನ್ನು ಸಾಲದಿಂದಲೂ, ಇನ್ನೊಂದನ್ನು ಬೇಸಗೆಯ ಶಿಬಿರದಿಂದಲೂ, ಮತ್ತೊಂದನ್ನು ನಾಲ್ಕು ಸಮಾಧಾನದ ಮಾತಿನಿಂದಲೂ ಕಳೆದುಕೊಳ್ಳಲು ಯತ್ನಿಸುತ್ತಾರೆ. ವಿಚಾರಮಾಡಿ ನೋಡಿದರೆ ಇವು ಒಂದೇ ಬೇರಿನಿಂದ ಹೊರಟ ಮೂರು ಕವಲುಗಳು. ಶಾಲೆಯು ತಾನು ಒದಗಿಸಲೇಬೇಕಾದುದನ್ನು ಐಚ್ಛಿಕವೆಂದು ಕೈಬಿಟ್ಟಿದೆ. ಐಚ್ಛಿಕವಾಗಿರಬೇಕಾದುದನ್ನು ಕಡ್ಡಾಯವೆಂದು ಪೋಷಕರ ತಲೆಯ ಮೇಲೆ ಹೊರಿಸಿದೆ. ಈ ತಲೆಕೆಳಗಾದ ಕ್ರಮವೇ ಆ ಬೇರು.

ಕಡ್ಡಾಯವೆಂಬುದು ಯಾರ ಮಾತು? ಶಾಸನದ ಮಾತೋ, ಶಾಲೆಯ ಆಡಳಿತದವರ ಮಾತೋ? 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು ಶಾಲೆಯೊಂದಕ್ಕೆ ಏನೇನು ಇರತಕ್ಕದ್ದೆಂಬುದನ್ನು ತನ್ನ ಅನುಸೂಚಿಯಲ್ಲಿ ಹೇಳಿದೆ. ಅದರಲ್ಲಿ ಆಟದ ಮೈದಾನವು ಹೆಸರಿಸಿ ಹೇಳಲ್ಪಟ್ಟಿದೆ. ಕುಡಿಯುವ ನೀರು, ಶೌಚಗೃಹ, ಗ್ರಂಥಭಂಡಾರಗಳಂತೆ ಅದೂ ಶಾಲೆಯ ಅಂಗವೇ ಹೊರತು ಅಲಂಕಾರವಲ್ಲ. ಅದೇ ಕಾಯಿದೆಯ 17ನೆಯ ವಿಧಿಯು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. 29ನೆಯ ವಿಧಿಯು ಮಗುವನ್ನು ಭಯದಿಂದಲೂ ಉದ್ವೇಗದಿಂದಲೂ ಬಿಡಿಸುವಂತೆ ಪಾಠಕ್ರಮವಿರಬೇಕೆಂದು ವಿಧಿಸುತ್ತದೆ. ಕರ್ನಾಟಕದ 1983ರ ಶಿಕ್ಷಣ ಕಾಯಿದೆಯು ಅದಕ್ಕೂ ಮೊದಲೇ ರ‍್ಯಾಗಿಂಗ್ ಎಂಬ ಪೀಡೆಯನ್ನು ದಂಡನಾರ್ಹವೆಂದು ಸಾರಿತು. ಹೀಗಿರಲು ಬಯಲೂ ನಿರ್ಭಯವೂ ಶಾಸನವು ವಿಧಿಸಿದ ಕಡ್ಡಾಯಗಳು. ಪ್ರತಿಯೊಂದು ಮಗುವೂ ತನ್ನ ಹಣದಿಂದ ಗಾಜಿನ ಹಲಗೆಯೊಂದನ್ನು ಕೊಂಡುತರಬೇಕೆಂಬ ವಿಧಿಯಾದರೋ ಆ ಕಾಯಿದೆಯಲ್ಲಿ ಎಲ್ಲಿಯೂ ಕಾಣದು.

ಆದರೂ ಇಂದಿನ ಅನೇಕ ಖಾಸಗಿ ಶಾಲೆಗಳ ಪಟ್ಟಿಯನ್ನು ನೋಡಬೇಕು. ಟ್ಯಾಬ್ಲೆಟ್ಟು ಬೇಕು, ಅದೂ ಅವರು ಹೇಳಿದ ಬಗೆಯದೇ ಬೇಕು. ಸ್ಮಾರ್ಟ್ ಕ್ಲಾಸಿನ ಫೀಸು ಬೇರೆ, ಆ್ಯಪಿನ ವಾರ್ಷಿಕ ಚಂದಾ ಬೇರೆ. ಮನೆಪಾಠವು ವಾಟ್ಸಾಪಿನಲ್ಲಿ ಬರುವುದರಿಂದ ಮನೆಯಲ್ಲೊಂದು ಫೋನು, ಅದಕ್ಕೆ ತಪ್ಪದ ಇಂಟರ್‌ನೆಟ್ಟು. ಸರ್ಕಾರಿ ಶಾಲೆಯಲ್ಲಿ ಟ್ಯಾಬ್ಲೆಟ್ಟಿನ ಬೇಡಿಕೆ ಇಲ್ಲದಿದ್ದರೂ ಫೋನಿನ ಬೇಡಿಕೆಯು ಮೆಲ್ಲನೆ ಕಾಲಿಟ್ಟಿದೆ. ಆಟೋ ಓಡಿಸುವವನ ಮನೆಯಲ್ಲಿ ಫೋನು ಒಂದೇ. ಅದು ಬೆಳಗ್ಗೆ ಅವನ ಜೇಬಿನಲ್ಲಿ ಹೊರಟು ರಾತ್ರಿ ಒಂಬತ್ತಕ್ಕೆ ಮರಳುವುದು. ಮನೆಯಲ್ಲಿ ಓದುವ ಮಕ್ಕಳು ಮೂವರು. ಅಷ್ಟು ಹೊತ್ತಿಗೆ ಕಿರಿಯದು ನಿದ್ದೆಹೋಗಿರುತ್ತದೆ. ಉಳಿದಿಬ್ಬರು ಫೋನಿಗಾಗಿ ಜಗಳವಾಡುತ್ತಾರೆ. ಮರುದಿನ ತರಗತಿಯಲ್ಲಿ ಮನೆಪಾಠ ಬರೆಯದವರು ಎದ್ದುನಿಲ್ಲಿರೆಂದರೆ ಆ ಮೂವರೂ ತಮ್ಮತಮ್ಮ ತರಗತಿಗಳಲ್ಲಿ ಏಳುತ್ತಾರೆ. ಅವರು ಮಾಡಿದ ಅಪರಾಧವೇನು?

ಈ ಬೇಡಿಕೆಯು ಬೇರೂರಿದ ಸಂದರ್ಭವನ್ನೂ ಮರೆಯಲಾಗದು. 2020ರ ಮಾರ್ಚ್ ತಿಂಗಳಲ್ಲಿ ಮಹಾಮಾರಿಯ ಕಾರಣದಿಂದ ಶಾಲೆಗಳು ಮುಚ್ಚಿದುವು. ಪಾಠವು ಯಂತ್ರದ ಮೂಲಕವಲ್ಲದೆ ಬೇರೆ ಮಾರ್ಗವಿಲ್ಲವೆಂದು ಅನೇಕರು ನಂಬಿದರು. ಆದರೆ ಅದೇ ವರ್ಷದ ಆಗಸ್ಟಿನಲ್ಲಿ ಕರ್ನಾಟಕದ ಶಿಕ್ಷಣ ಇಲಾಖೆಯು ವಿದ್ಯಾಗಮವೆಂಬ ಯೋಜನೆಯನ್ನು ತೊಡಗಿತು. ಉಪಾಧ್ಯಾಯರು ತಾವೇ ಊರೂರಿಗೆ ಹೋಗಿ ದೇವಸ್ಥಾನದ ಜಗಲಿಯಲ್ಲಿಯೂ ಸಮುದಾಯಭವನದಲ್ಲಿಯೂ ಮರದ ನೆರಳಿನಲ್ಲಿಯೂ ಮಕ್ಕಳನ್ನು ಕೂರಿಸಿ ಪಾಠಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತೆಂಬುದು ನಿಜ. ಆದರೂ ಆ ಎರಡು ತಿಂಗಳು ಒಂದು ವಿಷಯವನ್ನು ಸ್ಥಾಪಿಸಿದುವು: ಪಾಠಕ್ಕೆ ಮೂಲದ್ರವ್ಯವು ಉಪಾಧ್ಯಾಯನೇ ಹೊರತು ಯಂತ್ರವಲ್ಲ. ಮಹಾಮಾರಿ ಹೋಯಿತು, ಶಾಲೆಗಳು ತೆರೆದುವು. ಆಪದ್ಧರ್ಮವೆಂದು ಬಂದ ಯಂತ್ರವು ಮಾತ್ರ ನಿತ್ಯಧರ್ಮವಾಗಿ ಕುಳಿತುಬಿಟ್ಟಿತು. ನೆರೆಯ ಕಾಲದಲ್ಲಿ ದೋಣಿಯನ್ನು ಹತ್ತಿದವನು ನೆರೆಯಿಳಿದ ಮೇಲೂ ದೋಣಿಯನ್ನು ಹೊತ್ತು ತಿರುಗಬೇಕೆ?

ಯಂತ್ರವಿಲ್ಲದ ಮಗುವಿನ ಅವಸ್ಥೆಯು ನ್ಯಾಯಸ್ಥಾನದ ವಿಚಾರಕ್ಕೂ ಬಂದಿದೆ. 2020ರ ಸೆಪ್ಟೆಂಬರಿನಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು, ಯಂತ್ರದ ಮೂಲಕ ಪಾಠಹೇಳುವ ಶಾಲೆಗಳು ಬಡಮಕ್ಕಳಿಗೆ ಯಂತ್ರವನ್ನೂ ಇಂಟರ್‌ನೆಟ್ಟನ್ನೂ ಉಚಿತವಾಗಿ ಒದಗಿಸತಕ್ಕದ್ದೆಂದು ತೀರ್ಪುಕೊಟ್ಟಿತು. ಒಂದೇ ತರಗತಿಯ ಮಕ್ಕಳನ್ನು ಯಂತ್ರವುಳ್ಳವರು, ಇಲ್ಲದವರು ಎಂದು ಬೇರ್ಪಡಿಸಿದರೆ ಇಲ್ಲದ ಮಗುವಿನ ಹೃದಯದಲ್ಲಿ ಹೀನಭಾವವು ನೆಲೆಸುವುದೆಂಬುದು ಅದರ ಅಭಿಪ್ರಾಯ. ಆ ತೀರ್ಪಿಗೆ 2021ರಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆ ಕೊಟ್ಟಿತು. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ, ಇಂಥ ಮಕ್ಕಳಿಗಾಗಿ ಯೋಜನೆಯೊಂದನ್ನು ಸಿದ್ಧಪಡಿಸಬೇಕೆಂದು ದೆಹಲಿಯ ಸರ್ಕಾರಕ್ಕೆ ತಾನೇ ಸೂಚಿಸಿತು. ವೆಚ್ಚವನ್ನು ಯಾರು ಹೊರಬೇಕೆಂಬುದರಲ್ಲಿ ವಾದವಿರಬಹುದು. ಮಗುವಿನ ಮನಸ್ಸು ನೋಯುವುದೆಂಬುದರಲ್ಲಿ ವಾದವಿಲ್ಲ.

ಈ ನೋವು ಹೊಸತಲ್ಲ. ಮಹಾಭಾರತದ ಆದಿಪರ್ವವನ್ನು ಓದಿದವರಿಗೆ ಅಶ್ವತ್ಥಾಮನ ಬಾಲ್ಯವು ನೆನಪಿನಲ್ಲಿರಬಹುದು. ಧನಿಕರ ಮಕ್ಕಳು ಹಾಲು ಕುಡಿಯುವುದನ್ನು ನೋಡಿ ಆ ಬಡಮಗು ಅತ್ತಿತು. ಹಸುವೊಂದನ್ನು ಧರ್ಮದಿಂದ ಸಂಪಾದಿಸಲು ದ್ರೋಣನು ದೇಶವನ್ನೆಲ್ಲ ಸುತ್ತಿದರೂ ಅದು ದೊರೆಯಲಿಲ್ಲ. ಜೊತೆಯ ಹುಡುಗರು ಹಿಟ್ಟುಕಲಸಿದ ನೀರನ್ನು ಹಾಲೆಂದು ಕೊಟ್ಟರು, ಮಗು ಕುಡಿದು, ತಾನೂ ಹಾಲು ಕುಡಿದೆನೆಂದು ಕುಣಿಯಿತು, ಸುತ್ತಲಿದ್ದವರು ನಕ್ಕರು. ಆ ನಗೆಯನ್ನು ತಾಳಲಾರದೆ ದ್ರೋಣನು ಬಾಲ್ಯಸಖನಾದ ದ್ರುಪದನ ಬಾಗಿಲಿಗೆ ಹೋಗಿ ಅಪಮಾನಪಟ್ಟನು. ಆ ಅಪಮಾನದಿಂದ ಬೆಳೆದ ವೈರವು ಕಡೆಗೆ ಇಬ್ಬರನ್ನೂ ರಣರಂಗದಲ್ಲಿ ಕೊಂದಿತು. ಒಂದು ಲೋಟ ಹಾಲಿನ ಭೇದವು ಇಷ್ಟನ್ನು ಮಾಡಿತು. ಇಂದಿನ ತರಗತಿಯಲ್ಲಿಯೂ ಗೆರೆಬಿದ್ದ ಹಳೆಯ ಫೋನನ್ನು ತಂದ ಹುಡುಗನ ಸುತ್ತ ಇದೇ ನಗೆ ಏಳುತ್ತದೆ. ಅವನ ತಂದೆ ಬಡ್ಡಿಗೆ ಹಣ ತರಲು ಯಾವುದೋ ಬಾಗಿಲಿಗೆ ಹೋಗುತ್ತಾನೆ. ಮತ್ತೊಂದು ವಿಶೇಷವುಂಟು. ಹಿಂದೆ ಗೇಲಿಯು ಶಾಲೆಯ ಗಂಟೆಯೊಡನೆ ಮುಗಿಯುತ್ತಿತ್ತು. ಮಗು ಮನೆಯ ಹೊಸ್ತಿಲನ್ನು ದಾಟಿದರೆ ಪೀಡೆಯಿಂದ ಪಾರಾಗುತ್ತಿತ್ತು. ಈಗ ಪಾಠಕ್ಕೆಂದು ಕೊಡಿಸಿದ ಯಂತ್ರದಲ್ಲಿಯೇ ಗುಂಪುಕಟ್ಟಿ ಅಡ್ಡಹೆಸರಿಟ್ಟು ಹೀಯಾಳಿಸುವುದು ರಾತ್ರಿಯೂ ನಡೆಯುತ್ತದೆ. ತಂದೆಯು ಸಾಲಮಾಡಿ ಪೀಡಕನನ್ನು ಮನೆಯೊಳಕ್ಕೆ ಕರೆತಂದಂತಾಯಿತು.

ಇನ್ನು ಆಟದ ವಿಚಾರ. ಮಕ್ಕಳಲ್ಲಿ ಹಣದ ಭೇದವನ್ನು ಮರೆಸುವ ಸ್ಥಳವು ಶಾಲೆಯಲ್ಲಿ ಯಾವುದಾದರೂ ಇದ್ದರೆ ಅದು ಬಯಲು. ಕಬಡ್ಡಿಗೆ ದೊಡ್ಡವರ ಅಂಕಣವೇ 13 ಮೀಟರು ಉದ್ದ, 10 ಮೀಟರು ಅಗಲ. ಬೇಕಾದುದು ನೆಲ, ಉಸಿರು, ಧೈರ್ಯ. ಖೋ ಖೋ ಆಟಕ್ಕೆ ಎರಡು ಕಂಬಗಳು. ಎಂಟು ಮಂದಿ ಸಾಲಾಗಿ ಕುಳಿತರೆ ಒಂಬತ್ತನೆಯವನು ಅಟ್ಟಿಕೊಂಡು ಓಡುತ್ತಾನೆ. ಅಲ್ಲಿ ಬೆನ್ನು ತಟ್ಟಿ ಎಬ್ಬಿಸುವ ಕೈಗೆ ಎದ್ದವನ ತಂದೆಯ ಆದಾಯವು ತಿಳಿಯದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲನೆಯ ಖೋ ಖೋ ವಿಶ್ವಕಪ್ಪು ನಡೆದಾಗ ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ಗೆದ್ದ ಮಹಿಳೆಯರ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರು ಗ್ರಾಮದ ಬಿ. ಚೈತ್ರಾ ಇದ್ದರು. ಹಳ್ಳಿಯ ಮಗುವನ್ನು ಲೋಕದ ಕಣ್ಣಿಗೆ ಕಾಣಿಸುವ ಶಕ್ತಿ ಒಂದು ತುಂಡು ನೆಲಕ್ಕೂ ಕಲಿಸುವವರ ಶ್ರದ್ಧೆಗೂ ಉಂಟು. ಹೀಗಿದ್ದೂ ಪಟ್ಟಣದ ಅನೇಕ ಶಾಲೆಗಳು ಬಾಡಿಗೆಯ ಕಟ್ಟಡದ ಮೂರು ಅಂತಸ್ತುಗಳಲ್ಲಿ ನಡೆಯುತ್ತವೆ; ಬಯಲಿದ್ದೆಡೆ ಅದು ವಾಹನಗಳ ನಿಲ್ದಾಣವಾಗಿದೆ; ವೇಳಾಪಟ್ಟಿಯಲ್ಲಿ ಬರೆದ ಆಟದ ಅವಧಿಯನ್ನು ಗಣಿತದವರು ನುಂಗುತ್ತಾರೆ. ಆಡಬೇಕೆನ್ನುವವನು ಸಂಜೆ ಹಣಕೊಟ್ಟು ಅಕಾಡೆಮಿಗೆ ಸೇರಬೇಕಂತೆ! ಬಯಲೂ ಕಡೆಗೆ ಉಳ್ಳವರ ಪಾಲಾಯಿತು.

ಬಯಲಿದ್ದರೆ ಮಾತ್ರ ಸಾಲದು, ಅಲ್ಲಿ ಹಿರಿಯರ ಕಣ್ಣೂ ಇರಬೇಕು. ಭೀಮನು ಬಾಲ್ಯದ ಆಟದಲ್ಲಿ ಕೌರವರನ್ನು ನೆಲದ ಮೇಲೆಳೆದು, ನೀರಿನಲ್ಲಿ ಮುಳುಗಿಸಿ, ಮರಹತ್ತಿದವರನ್ನು ಮರವನ್ನೇ ಅಲುಗಿಸಿ ಕೆಡವಿದನು. ಅದು ದ್ವೇಷದಿಂದಲ್ಲ, ಹುಡುಗತನದಿಂದಲೇ ಎಂದು ಕವಿಯೂ ಒಪ್ಪುತ್ತಾನೆ. ಆದರೆ ಅದನ್ನು ಅನುಭವಿಸಿದ ದುರ್ಯೋಧನನ ಮನಸ್ಸು ಹಾಗೆ ತಿಳಿಯಲಿಲ್ಲ. ಅವನು ಅನ್ನದಲ್ಲಿ ವಿಷವನ್ನಿಕ್ಕಿದನು. ಹೊಡೆದವನಿಗೆ ಆಟ, ಪೆಟ್ಟುತಿಂದವನಿಗೆ ವೈರ. ಅರಮನೆಯ ಹಿರಿಯರಲ್ಲಿ ಒಬ್ಬರಾದರೂ ಆ ಹೊಳೆಯ ದಡದಲ್ಲಿ ನಿಂತು ಸಾಕೆಂದು ಹೇಳಿದ್ದರೆ ಕಥೆಯೇ ಬೇರೆಯಾಗುತ್ತಿತ್ತೇನೋ.

ಇಲ್ಲಿ ಕೆಲವರು ಆಕ್ಷೇಪಿಸಬಹುದು. ಕಾಲವು ಯಂತ್ರದ ಕಾಲ. ಯಂತ್ರವನ್ನರಿಯದ ಮಗು ಹಿಂದೆ ಬೀಳುವುದಿಲ್ಲವೆ? ಎಂದರೆ, ಅರಿಯಬಾರದೆಂದು ಹೇಳಿದವರಾರು? ರಸಾಯನಶಾಸ್ತ್ರವನ್ನು ಕಲಿಯುವ ಪ್ರತಿಯೊಬ್ಬ ವಿದ್ಯಾರ್ಥಿಯೂ ತಕ್ಕಡಿಯನ್ನೂ ಗಾಜಿನ ನಳಿಗೆಗಳನ್ನೂ ಮನೆಯಿಂದ ಕೊಂಡುತರುವನೆ? ಅವು ಶಾಲೆಯ ಪ್ರಯೋಗಶಾಲೆಯಲ್ಲಿರುತ್ತವೆ. ಎಲ್ಲರೂ ಸರದಿಯಿಂದ ಬಳಸುತ್ತಾರೆ. ಕಂಪ್ಯೂಟರೂ ಹಾಗೆಯೇ ಶಾಲೆಯ ಸ್ವತ್ತಾಗಿರಲಿ. ಇಷ್ಟಕ್ಕೂ ಯಂತ್ರದ ಮಹಿಮೆಗೆ ಪ್ರಮಾಣವೆಷ್ಟು? 2023ರಲ್ಲಿ ಯುನೆಸ್ಕೋ ಸಂಸ್ಥೆಯು ಪ್ರಕಟಿಸಿದ ಜಾಗತಿಕ ಶಿಕ್ಷಣದ ವರದಿಯು, ಕಲಿಕೆಗೆ ಇವುಗಳಿಂದಾಗುವ ಲಾಭದ ಬಗೆಗೆ ಪಕ್ಷಪಾತವಿಲ್ಲದ ಪ್ರಮಾಣಗಳು ಕಡಮೆಯೆಂದಿದೆ. ಅದೇ ವರ್ಷ ಸ್ವೀಡನ್ ದೇಶದ ಸರ್ಕಾರವು ಶಾಲೆಗಳಿಗೆ ಮುದ್ರಿತ ಪುಸ್ತಕಗಳನ್ನು ಒದಗಿಸಲು ವಿಶೇಷ ಧನವನ್ನು ಮೀಸಲಿಟ್ಟಿತು. ಸಿರಿವಂತ ದೇಶವೇ ಪುಸ್ತಕಕ್ಕೆ ಮರಳುತ್ತಿರುವಾಗ ಇಲ್ಲಿಯ ಕೂಲಿಕಾರನು ಗಾಜಿನ ಹಲಗೆಗಾಗಿ ಒಡವೆಯನ್ನು ಅಡವಿಡಬೇಕಾದುದೇತಕ್ಕೆ?

ಶಕ್ತಿಯಿಲ್ಲದವರು ಬೇರೆ ಶಾಲೆಗೆ ಹೋಗಲಿ ಎಂಬುದು ಎರಡನೆಯ ಆಕ್ಷೇಪ. ಮೊದಲೇ ತಿಳಿಸಿದ್ದರೆ ಈ ಮಾತಿಗೆ ಅರ್ಥವಿತ್ತು. ಮಗುವನ್ನು ಸೇರಿಸಿಕೊಂಡು, ಫೀಸನ್ನು ಪಡೆದು, ಅದಕ್ಕೆ ಸ್ನೇಹಿತರೂ ಬಳಕೆಯೂ ಉಂಟಾದಮೇಲೆ ಹೊಸ ಪಟ್ಟಿಯನ್ನು ಕೈಗಿಟ್ಟು ಬಾಗಿಲು ತೋರಿಸುವುದು ವ್ಯಾಪಾರಕ್ಕೂ ಒಪ್ಪದ ನಡತೆ.

ಗೇಲಿಯನ್ನು ಸಹಿಸಿದರೆ ಮಗು ಗಟ್ಟಿಯಾಗುವುದೆಂಬುದು ಮೂರನೆಯದು. ಗಟ್ಟಿಯಾಗುವವರು ಯಾರು? ಪೀಡಿಸಿದವನು ಕ್ರೌರ್ಯದಲ್ಲಿ ಗಟ್ಟಿಯಾಗುತ್ತಾನೆ. ಪೀಡಿತನು ಮೌನದಲ್ಲಿ ಗಟ್ಟಿಯಾಗುತ್ತಾನೆ. ನೋಡುತ್ತ ನಿಂತವರು ಉದಾಸೀನದಲ್ಲಿ ಗಟ್ಟಿಯಾಗುತ್ತಾರೆ. ಈ ಮೂರರಲ್ಲಿ ವಿದ್ಯೆಯ ಫಲವೆಂದು ಹೇಳತಕ್ಕದ್ದು ಯಾವುದು?

ಹಾಗೆಂದು ತಪ್ಪೆಲ್ಲ ಶಾಲೆಯವರದೇ ಎನ್ನಲೂ ಆಗದು. ಪೋಷಕರ ಸಭೆಯಲ್ಲಿ ಮೌನ, ಗೇಟಿನ ಹೊರಗೆ ಗರ್ಜನೆ, ಇದು ಇಂದಿನ ತಾಯಿತಂದೆಗಳ ಪದ್ಧತಿಯಾಗಿದೆ. ಪ್ರಶ್ನಿಸಿದರೆ ಮಗುವಿಗೆ ತೊಂದರೆಯಾದೀತೆಂಬ ಭಯ ಕೆಲವರಿಗೆ. ಹಣವಿಲ್ಲವೆಂದು ತಿಳಿದೀತೆಂಬ ನಾಚಿಕೆ ಕೆಲವರಿಗೆ. ಉಳ್ಳವರು ಪಟ್ಟಿಯಲ್ಲಿ ಹೇಳಿದುದಕ್ಕಿಂತ ಒಂದು ಮಟ್ಟ ಮೇಲಿನದನ್ನೇ ಕೊಡಿಸಿ ಹೆಮ್ಮೆಪಡುತ್ತಾರೆ. ಆ ಹೆಮ್ಮೆಯನ್ನು ಮಗು ತರಗತಿಗೆ ಹೊತ್ತುಹೋಗುತ್ತದೆ. ತಮ್ಮ ಮಗು ಪೀಡೆಗೊಳಗಾದರೆ ಕೂಗಾಡುವವರು, ತಮ್ಮ ಮಗುವೇ ಪೀಡಿಸಿತೆಂದಾಗ ಹುಡುಗಾಟವೆಂದು ನಗುತ್ತಾರೆ. ಆಟಕ್ಕೆ ಹೋದರೆ ಅಂಕ ಕಡಮೆಯಾದೀತೆಂದು ಬಯಲಿನಿಂದ ಮಗುವನ್ನೆಳೆದು ಟ್ಯೂಷನ್ನಿಗೆ ಕಳುಹಿಸಿದವರೂ ಇವರೇ ಅಲ್ಲವೆ? ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕೆಂದು 2009ರ ಕಾಯಿದೆ ಹೇಳಿದೆ. ಅನುದಾನವಿಲ್ಲದ ಶಾಲೆಗಳಿಗೆ ಆ ವಿಧಿಯಿಲ್ಲ. ಅಲ್ಲಿ ಪೋಷಕರಿಗೆ ಉಳಿದಿರುವುದು ತಮ್ಮ ಒಗ್ಗಟ್ಟೊಂದೇ. ಒಬ್ಬನು ಕೇಳಿದರೆ ಅದು ದೂರು. ನಲವತ್ತು ಮಂದಿ ಕೇಳಿದರೆ ಅದು ನಿಯಮ.

ಕೇಳತಕ್ಕುವು ನಾಲ್ಕೇ. ಶಾಲೆಯು ಯಾವುದನ್ನು ಕಡ್ಡಾಯವೆನ್ನುವುದೋ ಅದನ್ನು ಶಾಲೆಯೇ ಒದಗಿಸತಕ್ಕದ್ದು. ವರ್ಷದ ವೆಚ್ಚವೆಲ್ಲವನ್ನೂ ಮಗುವನ್ನು ಸೇರಿಸಿಕೊಳ್ಳುವ ಮೊದಲೇ ಬರೆದು ತಿಳಿಸತಕ್ಕದ್ದು. ನಡುವೆ ಹೊಸದನ್ನು ಸೇರಿಸಕೂಡದು. ಮನೆಪಾಠವು ಕರಿಹಲಗೆಯ ಮೇಲೆ ಬರೆಯಲ್ಪಟ್ಟು ಮಗುವಿನ ಕೈಯಿಂದಲೇ ಪುಸ್ತಕಕ್ಕೆ ಇಳಿಯಬೇಕು. ಫೋನಿಲ್ಲದ ಕಾರಣಕ್ಕಾಗಿ ಯಾವ ಮಗುವೂ ಎದ್ದುನಿಲ್ಲಕೂಡದು. ಕಡೆಯದಾಗಿ, ದಿನಕ್ಕೊಂದು ಅವಧಿಯ ಆಟವು ಎಲ್ಲ ಮಕ್ಕಳಿಗೂ ಉಪಾಧ್ಯಾಯರ ಎದುರಿನಲ್ಲಿ ನಡೆಯಬೇಕು. ಪೀಡೆಯ ದೂರನ್ನು ಬರೆದಿಟ್ಟುಕೊಂಡು ವಾರದೊಳಗೆ ಉತ್ತರ ಹೇಳಬೇಕು.

ಇವುಗಳಲ್ಲಿ ಮೊದಲನೆಯದೊಂದನ್ನು ಬಿಟ್ಟರೆ ಉಳಿದುವಕ್ಕೆ ಹೆಚ್ಚಿನ ಹಣವು ಬೇಕಾಗಿಲ್ಲ. ಹಣವು ಬೇಕಾದುದನ್ನು ಒಂದೇ ಜೂನ್ ತಿಂಗಳಲ್ಲಿ ಜಾರಿಗೆ ತಂದ ಶಾಲೆಗಳು, ಹಣವು ಬೇಡವಾದುದನ್ನು ಮಾತ್ರ ಕಷ್ಟಸಾಧ್ಯವೆನ್ನುವುದು ಆಶ್ಚರ್ಯ. ಮುಂದಿನ ಪೋಷಕರ ಸಭೆಯಲ್ಲಿ ಈ ಆಶ್ಚರ್ಯವನ್ನು ಯಾರಾದರೊಬ್ಬರು ಎದ್ದುನಿಂತು ಗಟ್ಟಿಯಾಗಿ ಕೇಳಲಿ. ಉಳಿದವರು ಅವರ ಬೆನ್ನಹಿಂದೆ ನಿಲ್ಲಲಿ.